ಸುರಗಿ ಎಂಬ ಹೆಸರು

ಶಿವರಾತ್ರಿ ಕಳೆದು ಚಳಿ ಹಿಂದೆಗೆದು, ಅಡಕೆಯ ಕೊಯಿಲೂ ಸುಲಿತವೂ ಮುಗಿದು ಚಪ್ಪರ ಬರಿದಾಗಿ, ಅಂಗಳದ ಬಿಸಿಲಿಗೆ ಕಾವೇರತೊಡಗುವ ಕಾಲದಲ್ಲಿ, ಕೊಪ್ಪದಿಂದ ಹರಿಹರಪುರದ ಮಾರ್ಗವಾಗಿ ಶೃಂಗೇರಿಗೆ ನಸುಕಿನಲ್ಲಿ ಪ್ರಯಾಣ ಮಾಡುವವರಿಗೆ, ದಾರಿಯ ಯಾವುದೋ ಒಂದು ತಿರುವಿನಲ್ಲಿ, ಕಾಡಿನ ಒಳಗಿನಿಂದಲೋ ಯಾರದೋ ಮನೆಯ ಹಿತ್ತಿಲಿನಿಂದಲೋ ಎಂದು ನಿಶ್ಚಯಿಸಲಾಗದಂತೆ, ಗಾಢವಾದ ಒಂದು ಪರಿಮಳ ಬಂದು ಮುಟ್ಟುವುದುಂಟು. ಅದರ ಮೂಲವನ್ನು ಅರಸುವವರು ಕಣ್ಣಿಗಿಂತ ಕಿವಿಯನ್ನು ನಂಬುವುದು ಲೇಸು. ಏಕೆಂದರೆ ಆ ಮರವು ತನ್ನ ದಪ್ಪನೆಯ ಕಡುಹಸುರು ಎಲೆಗಳ ಮರೆಯಲ್ಲಿ ಹೂವನ್ನೆಲ್ಲ ಹುದುಗಿಸಿಕೊಂಡು ನಿಂತಿರುತ್ತದೆ. ಆದರೆ ಬೆಳಕು ಹರಿಯುತ್ತಿದ್ದಂತೆ ಅದನ್ನು ಮುತ್ತುವ ಜೇನುನೊಣಗಳ ಝೇಂಕಾರವು, ಮರವೇ ಶ್ರುತಿ ಹಿಡಿದು ನಿಂತಿದೆಯೋ ಎಂಬಂತೆ, ಬಹುದೂರಕ್ಕೆ ಕೇಳಿಸುತ್ತದೆ. ಅದು ಸುರಗಿ.

ಮಲೆನಾಡಿನ ವಸಂತದಲ್ಲಿ ಬಿಳಿಯ ಹೂವು ಇದೊಂದೇ ಅಲ್ಲ. ಜಗಲಿಯ ಮುಂದಿನ ಪಾತಿಯಲ್ಲಿ ಗುಂಡುಮಲ್ಲಿಗೆ ಮೊಗ್ಗೊಡೆಯುವುದು ಇದೇ ಕಾಲದಲ್ಲಿ. ತುಳಸಿಕಟ್ಟೆಯ ಬಳಿಯ ನಂದಿಬಟ್ಟಲಿಗಂತೂ ಬಿಡುವೆಂಬುದೇ ಇಲ್ಲ. ಹೂಮಳೆ ಬಿದ್ದು ಎಂಟು ಹತ್ತು ದಿನವಾಗುತ್ತಲೇ ಕಾಫಿಯ ತೋಟಗಳು ಹಿಂದಿನ ದಿನ ಕಂಡವರು ಬೆರಗಾಗುವಂತೆ ಬೆಳ್ಳಗಾಗಿ, ಗಿಡಗಿಡದ ರೆಂಬೆಯೂ ಬಿಳಿಯ ದಂಡೆಯನ್ನು ಸುತ್ತಿಕೊಂಡು, ಇಳಿಜಾರಿನ ಉದ್ದಕ್ಕೂ ಮಲ್ಲಿಗೆಯನ್ನು ಹೋಲುವ ಗಂಧವನ್ನು ಹರಡುತ್ತವೆ. ಕಾಫಿಯ ಹೂವಿನ ಸೊಗಸನ್ನು ನಾನು ಕಡಿಮೆಯೆಂದು ಹೇಳಲಾರೆ. ಆದರೆ ಅದನ್ನು ಯಾರೂ ಮುಡಿಯುವುದಿಲ್ಲ, ದೇವರಿಗೆ ಏರಿಸುವುದಿಲ್ಲ, ಮೂರು ನಾಲ್ಕು ದಿನಗಳಲ್ಲಿ ಅದು ಗಿಡದಲ್ಲಿಯೇ ಕಂದಿಹೋಗುತ್ತದೆ. ತೋಟದ ಯಜಮಾನನು ಅದನ್ನು ನೋಡುವ ಕಣ್ಣೂ ಬರಲಿರುವ ಫಸಲಿನ ಕಡೆಗೇ ನೆಟ್ಟಿರುತ್ತದೆ. ಮಲ್ಲಿಗೆಯೋ ಬೆಳಗ್ಗೆ ಮುಡಿದರೆ ಸಂಜೆಗೆ ಸೋತಿರುತ್ತದೆ. ಸುರಗಿಯ ಬಗೆ ಬೇರೆ. ಅದು ಬಾಡುತ್ತದೆ, ಒಣಗುತ್ತದೆ, ಬಿಳುಪನ್ನು ಕಳೆದುಕೊಂಡು ಕೆಂಗಂದಾಗುತ್ತದೆ. ಪರಿಮಳವನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ನಮ್ಮ ಹೂವುಗಳಲ್ಲಿ ಈ ಗುಣದಲ್ಲಿ ಅದಕ್ಕೆ ಸಾಟಿಯಾಗಿ ನಿಲ್ಲುವುದೆಂದರೆ ಬಕುಲ, ಎಂದರೆ ನಾವು ರೆಂಜೆ ಎಂದು ಕರೆಯುವ ಹೂವೊಂದೇ ಎಂದು ನನಗೆ ತೋರುತ್ತದೆ.

ಮರವನ್ನು ನೋಡಿ ಅರಿಯದವರಿಗಾಗಿ ಅದರ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಸುರಗಿ ಮಧ್ಯಮ ಗಾತ್ರದ, ವರ್ಷವಿಡೀ ಹಸುರಾಗಿರುವ ಮರ. ಮೂವತ್ತು ನಲವತ್ತು ಅಡಿ, ತೇವವುಳ್ಳ ಒಳ್ಳೆಯ ನೆಲದಲ್ಲಿ ಅದಕ್ಕೂ ಮಿಗಿಲಾಗಿ ಬೆಳೆಯತಕ್ಕದ್ದು. ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಹುಟ್ಟಿ, ಹೆಚ್ಚು ಕಡಿಮೆ ಗೇಣುದ್ದ ಬೆಳೆದು, ಚರ್ಮದಂತೆ ದಪ್ಪನಾಗಿ ಮಿರುಗುತ್ತಿರುತ್ತವೆ. ತೊಗಟೆಗೆ ಕತ್ತಿ ತಗುಲಿದರೆ ಅಂಟಾದ ಸೊನೆ ಒಸರುತ್ತದೆ. ಹೂವು ಹುಟ್ಟುವುದು ಹೊಸ ಚಿಗುರಿನ ತುದಿಯಲ್ಲಿ ಅಲ್ಲ. ಎಲೆ ಉದುರಿ ಬೋಳಾದ ಹಳೆಯ ರೆಂಬೆಗಳ ಗಿಣ್ಣುಗಳಲ್ಲಿ, ಗೊಂಚಲು ಗೊಂಚಲಾಗಿ, ರೆಂಬೆಗೆ ಒತ್ತಿ ಅಂಟಿಕೊಂಡಂತೆ. ಮೊಗ್ಗು ಮುತ್ತಿನ ಹಾಗೆ ದುಂಡಗೆ. ಅದನ್ನು ಮುಚ್ಚಿದ ಹೊರಗಿನ ಕೋಶವು ಬಿರಿಯುವಾಗ ಎರಡು ಹೋಳಾಗಿ ಒಡೆಯುತ್ತದೆ. ಒಳಗೆ ನಾಲ್ಕು ಬಿಳಿಯ ಎಸಳು, ನಡುವೆ ಲೆಕ್ಕಕ್ಕೆ ಸಿಕ್ಕದಷ್ಟು ಹಳದಿಯ ಕೇಸರ. ಆ ಕೇಸರದಲ್ಲಿಯೇ ಗಂಧದ ನಿಧಿಯೆಲ್ಲ ಅಡಗಿದೆ ಎಂದು ಎಣಿಸಬೇಕು, ಏಕೆಂದರೆ ಎಸಳು ಉದುರಿಹೋದ ಹೂವೂ ಕಂಪು ಬೀರುವುದನ್ನು ನಿಲ್ಲಿಸುವುದಿಲ್ಲ. ಮಳೆಗಾಲಕ್ಕೆ ಮುಂಚೆ ಅಂಗುಲದಷ್ಟು ಉದ್ದದ, ತುದಿ ಚೂಪಾದ ಹಣ್ಣು. ಒಳಗೆ ಒಂದೇ ಬೀಜ, ಬೀಜದ ಸುತ್ತ ಸಿಹಿಯಾದ ತಿರುಳು. ಆದರೆ ಎಲ್ಲ ಮರಗಳೂ ಹಣ್ಣು ಕೊಡುವುದಿಲ್ಲ. ಕೆಲವು ಮರಗಳು ಗಂಡುಹೂವನ್ನು ಮಾತ್ರ ಬಿಡುವುವು. ಹಣ್ಣಿಲ್ಲದ ಮರವನ್ನು ಬಂಜೆಯೆಂದು ಬೈಯುವವರು ಈ ಸಂಗತಿಯನ್ನು ತಿಳಿದಿದ್ದರೆ ಒಳ್ಳೆಯದು. ಅದು ಇಲ್ಲದಿದ್ದರೆ ಆಚೆಯ ಮರದಲ್ಲಿ ಹಣ್ಣು ನಿಲ್ಲುವುದು ಕಷ್ಟ.

ಕೊಂಕಣದಿಂದ ಕೇರಳದವರೆಗೆ ಹಬ್ಬಿರುವ ಪಶ್ಚಿಮಘಟ್ಟದ ಕಾಡುಗಳೇ ಇದರ ತವರು. ಆದರೂ ನಾನು ಇದನ್ನು ಕಾಡುಹೂವೆನ್ನಲು ಒಪ್ಪೆನು. ನಮ್ಮ ಸೀಮೆಯಲ್ಲಿ ಕಾಡಿಗೂ ತೋಟಕ್ಕೂ ನಡುವೆ ಗೋಡೆಯೆಂಬುದು ಇದ್ದದ್ದಿಲ್ಲ. ಅಡಕೆಯ ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ, ಸೊಪ್ಪಿನ ಬೆಟ್ಟದ ಮೇಲ್ಗಡೆ ಕಾನು, ಹೀಗೆ ಒಂದು ಇನ್ನೊಂದರೊಳಗೆ ಕಲೆತುಹೋಗಿರುವಾಗ, ಕಾನಿನಲ್ಲಿ ಹುಟ್ಟಿದ ಸುರಗಿ ಹಿತ್ತಿಲಿಗೆ ಇಳಿದು ಬಂದುದೂ, ದೇವಸ್ಥಾನದ ಪೌಳಿಯ ಬಳಿ ನಿಂತುದೂ, ಮನೆಯ ಹೆಂಗಸರು ತಮ್ಮದೆಂದು ಹಕ್ಕು ಹೇಳುವಂತಾದುದೂ ಸಹಜವಾಗಿಯೇ ನಡೆಯಿತು. ಅದು ಬಿತ್ತದೆ ಬಂದ ತೋಟದ ಹೂವು.

ನಮ್ಮ ಮನೆಯ ಹಿಂದೆ ಅಂತಹುದೊಂದು ಮರವಿದ್ದಿತು. ಹೂವಿನ ದಿನಗಳಲ್ಲಿ ಅಜ್ಜಿ ನಮ್ಮನ್ನು ಬೆಳಕು ಮೂಡುವ ಮೊದಲೇ ಎಬ್ಬಿಸುತ್ತಿದ್ದರು. ನೊಣಗಳು ಬರುವುದಕ್ಕೆ ಮುಂಚೆ ಕೊಯ್ಲು ಮುಗಿಯಬೇಕು. ಬಿಸಿಲೇರಿದ ಮೇಲೆ ಮರಕ್ಕೆ ಕೈ ಹಾಕುವುದು ಜೇನಿನೊಡನೆ ಜಗಳಕ್ಕೆ ನಿಂತಂತೆ. ಮೇಲಿನ ಕೊಂಬೆಗಳಿಗೆ ದೋಟಿ ಚಾಚುವುದಕ್ಕೆ ಅಜ್ಜಿಯ ಅಪ್ಪಣೆ ಇರಲಿಲ್ಲ, ಏಕೆಂದರೆ ದೋಟಿ ಹೂವಿನ ಜತೆಗೆ ಬರುವ ವರ್ಷದ ಹೂವಿನ ಗಿಣ್ಣನ್ನೂ ಕಿತ್ತು ತರುತ್ತದೆ. ಹತ್ತಿದವನು ಕೊಂಬೆಯಿಂದ ಕೊಂಬೆಗೆ ಮೆಲ್ಲನೆ ಸರಿದು, ಸೊಂಟಕ್ಕೆ ಕಟ್ಟಿದ ಅಡಕೆಯ ಹಾಳೆಯ ಕೊಟ್ಟೆಗೆ ಒಂದೊಂದಾಗಿ ಬಿಡಿಸಿ ಹಾಕಬೇಕು. ಕೆಳಗೆ ನಿಂತು ಅಜ್ಜಿ ಹೇಳುತ್ತಿದ್ದುದು ಒಂದೇ ಮಾತು: “ಬಿರಿದದ್ದು ಬೇಡ ಮಾಣಿ, ಬಿರಿಯಲಿಕ್ಕೆ ಹೊರಟದ್ದನ್ನು ಕೊಯ್ಯಿ.” ಬಿರಿದದ್ದು ನೊಣಕ್ಕೆ, ಬಿರಿಯಲು ಹೊರಟದ್ದು ನಮಗೆ. ಆ ಹಂಚಿಕೆಯನ್ನು ಆಕೆಗೆ ಯಾರು ಕಲಿಸಿದರೋ, ಆಕೆಯಿಂದ ನಾವು ಕಲಿತೆವು.

ಕೊಯ್ದು ತಂದ ಮೊಗ್ಗುಗಳನ್ನು ಮೊರದಲ್ಲಿ ಹರಡಿ, ನೂಲಿನಲ್ಲಿ ಪೋಣಿಸಿಯೋ ಬಾಳೆಯ ನಾರಿನಲ್ಲಿ ಕಟ್ಟಿಯೋ ಮಾಲೆ ಮಾಡುತ್ತಿದ್ದರು. ಮೊದಲ ಮಾಲೆ ದೇವರಿಗೆ, ಎರಡನೆಯದು ಮನೆಯ ಹೆಣ್ಣುಮಕ್ಕಳ ಮುಡಿಗೆ, ಮೂರನೆಯದು ನೆರಮನೆಗೆ. ಮಿಕ್ಕದ್ದು ಜಗಲಿಯ ನೆರಳಿನಲ್ಲಿ ಒಣಗಿ, ಕಟ್ಟಕಡೆಗೆ ಅಜ್ಜಿಯ ಮರದ ಪೆಟ್ಟಿಗೆಯಲ್ಲಿ, ಆಕೆಯ ಧಾರೆಯ ಸೀರೆಯ ಮಡಿಕೆಗಳ ನಡುವೆ ಸೇರುತ್ತಿತ್ತು. ಆಷಾಢದ ಮಳೆ ಹೊಡೆದು ಮನೆಯ ಗೋಡೆಯೆಲ್ಲ ತೇವ ಕುಡಿದು, ಕಂಬಳಿಯೂ ಹಾಸಿಗೆಯೂ ಪುಸ್ತಕಗಳೂ ಬೂಸಲು ಹಿಡಿದ ವಾಸನೆಯಲ್ಲಿ ಮುಳುಗಿರುವಾಗ, ಭಾದ್ರಪದದ ಗೌರಿಹಬ್ಬಕ್ಕೆಂದು ಆ ಪೆಟ್ಟಿಗೆಯ ಮುಚ್ಚಳವನ್ನು ಎತ್ತಿದರೆ ಒಳಗಿನಿಂದ ಫಾಲ್ಗುಣಮಾಸ ಹೊರಗೆ ಬರುತ್ತಿತ್ತು. ಅಜ್ಜಿ ತೀರಿಕೊಂಡ ಮರುವರ್ಷ ಆ ಪೆಟ್ಟಿಗೆಯನ್ನು ತೆರೆದಾಗ ಮಾಲೆಯ ದಾರ ಕೈಯಲ್ಲಿ ಪುಡಿಯಾಯಿತು. ಹೂವಿನ ಕಂಪು ಹೋಗಿರಲಿಲ್ಲ. ನಮ್ಮ ತಾಯಿ ಮುಚ್ಚಳವನ್ನು ಮತ್ತೆ ಹಾಕಿ, ಆ ದಿನ ಯಾರಿಗೂ ಅದನ್ನು ತೆಗೆಯಗೊಡಲಿಲ್ಲ.

ನೆರೆಯ ತೀರ್ಥಹಳ್ಳಿ ಸೀಮೆಯ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು 2012ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನಕ್ಕೆ ‘ಸುರಗಿ’ ಎಂಬ ಹೆಸರನ್ನೇ ಆರಿಸಿಕೊಂಡರು. ಬೆಂಗಳೂರಿನ ಅವರ ಮನೆಯ ಹೆಸರೂ ಸುರಗಿಯೇ. ನಗರದ ಓದುಗರಲ್ಲಿ ಅನೇಕರಿಗೆ ಈ ಹೂವಿನ ಹೆಸರು ಮೊದಲು ತಿಳಿದುದು ಆ ಪುಸ್ತಕದ ಮೂಲಕ ಎಂದು ಕೇಳಿದ್ದೇನೆ. ಎಂಬತ್ತರ ಹೊಸ್ತಿಲಿನಲ್ಲಿ ನಿಂತು ಕಳೆದುದನ್ನು ನೆನೆಯುವ ಮಲೆನಾಡಿಗನು ತನ್ನ ಬಾಳಿನ ಕಥೆಗೆ ಈ ಹೆಸರನ್ನೇ ಏಕೆ ಹುಡುಕಿದನೆಂಬುದನ್ನು, ಹಳೆಯ ಪೆಟ್ಟಿಗೆಯನ್ನು ಒಮ್ಮೆಯಾದರೂ ತೆರೆದು ನೋಡಿದ ಈ ಸೀಮೆಯವರಿಗೆ ಯಾರೂ ವಿವರಿಸಬೇಕಾದುದಿಲ್ಲ.

ಈ ಲೇಖನವನ್ನು ಬರೆಯಲು ನನ್ನನ್ನು ಪ್ರೇರಿಸಿದುದು ಆ ಹೆಸರೇ. ಸುರಗಿ ಎಂಬ ಶಬ್ದ ಎಲ್ಲಿಂದ ಬಂದಿತು? ಹಳಗನ್ನಡದಲ್ಲಿ ಸುರಿಗೆ ಅಥವಾ ಸುರಗಿ ಎಂದರೆ ಕಿರುಗತ್ತಿ, ಕಠಾರಿ. ಸಂಸ್ಕೃತದ ಛುರಿಕೆಯ ಬಳಗಕ್ಕೆ ಸೇರಿದ ಮಾತು ಅದು. ಹಣ್ಣಿನ ತುದಿ ಚೂಪಾಗಿರುವುದನ್ನು ನೋಡಿ, ಹೂವಿನ ಹೆಸರೂ ಕತ್ತಿಯಿಂದಲೇ ಬಂದಿತೆಂದು ಊಹಿಸುವ ಆಸೆ ಪಂಡಿತರಿಗೆ ಹುಟ್ಟಬಹುದು. ನನ್ನ ಮನಸ್ಸು ಅದನ್ನು ಒಪ್ಪುವುದಿಲ್ಲ. ಹೆಸರಿಡುವವರು ಮೊದಲು ಕಂಡದ್ದು, ಕಂಡದ್ದೇನು ಬಂತು, ಮೊದಲು ಅನುಭವಿಸಿದ್ದು ಹೂವಿನ ಕಂಪನ್ನು, ಹಣ್ಣಿನ ತುದಿಯನ್ನಲ್ಲ. ಸಂಸ್ಕೃತದಲ್ಲಿ ಸುಗಂಧಕ್ಕೆ ಸುರಭಿ ಎಂಬ ಮಾತಿದೆ. ವಸಂತ ಋತುವಿಗೂ ಸುರಭಿ ಎಂಬ ಹೆಸರುಂಟು. ಪ್ರಾಕೃತದಲ್ಲಿ ಭಕಾರವು ಹಕಾರವಾಗಿ ಅದೇ ಶಬ್ದ ಸುರಹಿ ಎಂದಾಗುತ್ತದೆ. ಸುರಹಿಗೂ ಸುರಗಿಗೂ ನಡುವೆ ಇರುವ ದೂರ ಎಷ್ಟು? ನಿಘಂಟುಕಾರರ ಅಂತಿಮ ತೀರ್ಪು ಏನೇ ಇರಲಿ, ವಸಂತವೂ ಸುಗಂಧವೂ ಒಂದೇ ಮಾತಿನಲ್ಲಿ ಕೂಡಿಕೊಂಡಿರುವ ಆ ಶಬ್ದದ ಕಡೆಗೇ ನಾನು ವಾಲುತ್ತೇನೆ. ಕೊಂಕಣಿಯವರೂ ಮರಾಠಿಯವರೂ ಇದನ್ನು ಸುರಂಗಿ ಎನ್ನುತ್ತಾರೆ. ನಡುವೆ ಒಂದು ಬಿಂದು ಸೇರಿದ್ದರಿಂದ ಅವರ ಕಿವಿಗೆ ಅದರಲ್ಲಿ ಬಣ್ಣದ ಸುಳಿವೂ ಕೇಳಿಸುತ್ತಿರಬೇಕು.

ಇನ್ನೊಂದು ಹೆಸರು ಸುರಹೊನ್ನೆ. ಇದರ ಹಾದಿ ಹೆಚ್ಚು ಸ್ಪಷ್ಟ. ಸಂಸ್ಕೃತದ ಪುನ್ನಾಗವು ಪೊನ್ನೆಯಾಗಿ, ಪಾಲು ಹಾಲಾದ ರೀತಿಯಲ್ಲಿ, ಪೊನ್ನೆ ಹೊನ್ನೆಯಾಯಿತು. ಸುರಪುನ್ನಾಗ, ಎಂದರೆ ದೇವತೆಗಳ ಪುನ್ನಾಗ, ಸುರಹೊನ್ನೆಯಾಯಿತು. ತೆಲುಗಿನವರು ಹಳೆಯ ಪಕಾರವನ್ನು ಉಳಿಸಿಕೊಂಡು ಇಂದಿಗೂ ಸುರಪೊನ್ನ ಎನ್ನುತ್ತಾರೆ. ಹೆಸರೇನೋ ಸೊಗಸಾದುದೇ; ಆದರೆ ಅದರಲ್ಲಿ ಒಂದು ತೊಡಕಿದೆ. ನಮ್ಮ ಕಾಡಿನಲ್ಲಿ ಬಾಗಿಲು ಕಿಟಕಿಗಳಿಗೆ ಮರ ಕೊಡುವ ಹೊನ್ನೆ ಬೇರೆ. ಕರಾವಳಿಯಲ್ಲಿ ಬೀಜದ ಎಣ್ಣೆಯಿಂದ ಹಿಂದಿನವರು ದೀಪ ಹಚ್ಚುತ್ತಿದ್ದ ಹೊನ್ನೆ ಬೇರೆ. ಈ ಎರಡನೆಯದನ್ನೂ ಕೆಲವರು ಸುರಹೊನ್ನೆ ಎನ್ನುವುದುಂಟು. ಹೀಗಾಗಿ ಸುರಹೊನ್ನೆ ಎಂದರೆ ಯಾವುದು ಎಂದು ಮತ್ತೆ ಕೇಳಬೇಕಾಗುತ್ತದೆ; ಸುರಗಿ ಎಂದರೆ ಮರುಪ್ರಶ್ನೆ ಇಲ್ಲ.

ಈ ಚಿಕ್ಕ ಮಾತು ಲೋಕವನ್ನು ಸುತ್ತಿ ಬಂದ ಕಥೆ ಸ್ವಾರಸ್ಯವಾದುದು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮದರಾಸಿನಿಂದ ಹೊರಟು, ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನೆಲ್ಲ ಸುತ್ತಿ, 1801ರಲ್ಲಿ ಪ್ರವಾಸವನ್ನು ಮುಗಿಸಿದನು. ಘಟ್ಟದ ಮೇಲೆ ನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿಯೂ ಆತನು ಹಾದುಹೋದನು. ಅವನ ಪ್ರವಾಸಗ್ರಂಥ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಗದ್ದೆಯ ಗೇಣಿ, ಅಡಕೆಯ ಧಾರಣೆ, ಮಗ್ಗದ ಲೆಕ್ಕ, ಜಾತಿಗಳ ಆಚಾರ ಎಲ್ಲವನ್ನೂ ವಿಚಾರಿಸಿ ಬರೆದುಕೊಳ್ಳುತ್ತ ಹೋದ ಆ ಮನುಷ್ಯನು ಮೂಲತಃ ಸಸ್ಯಶಾಸ್ತ್ರದಲ್ಲಿ ಆಸಕ್ತನಾದವನು; ಕಂಡ ಮರಗಿಡಗಳಿಗೆ ಊರಿನವರು ಏನೆನ್ನುತ್ತಾರೆಂಬುದನ್ನು ಕೇಳಿ ಬರೆದುಕೊಳ್ಳುವ ಅಭ್ಯಾಸ ಅವನಿಗಿದ್ದಿತು. ಅರಸರ ಆಳಿಕೆಯನ್ನು ಅಳೆಯಲು ಬಂದವನ ಟಿಪ್ಪಣಿಯಲ್ಲಿ ಒಂದು ಹೂವಿನ ಹೆಸರೂ ಹೀಗೆ ಸೇರಿಕೊಂಡಿತು. ಅವನು ಅದನ್ನು ಕರಾವಳಿಯ ಹೊನ್ನೆಯ ಕುಲಕ್ಕೆ ಸೇರಿಸಿ, ಕ್ಯಾಲೊಫಿಲಮ್ ಸುರಿಗಾ ಎಂದು ಕರೆದನು. ಸುರಗಿ ಸುರಿಗಾ ಆದದ್ದು ಲ್ಯಾಟಿನ್ನಿನ ಉಡುಪು ತೊಟ್ಟಿದ್ದರಿಂದ. ಒಳಗಿನ ಮಾತು ನಮ್ಮದೇ. ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾಗಿದ್ದ ವಿಲಿಯಂ ರಾಕ್ಸ್‌ಬರ್ಗ್ ಆ ಹೆಸರನ್ನು ತನ್ನ ‘ಫ್ಲೋರಾ ಇಂಡಿಕಾ’ ಎಂಬ ಮಹಾಗ್ರಂಥಕ್ಕೆ ತೆಗೆದುಕೊಂಡನು. ಆತನು 1815ರಲ್ಲಿಯೇ ತೀರಿಕೊಂಡಿದ್ದರೂ ಗ್ರಂಥದ ಆ ಭಾಗ ಬೆಳಕು ಕಂಡದ್ದು 1832ರಲ್ಲಿ. ಅಷ್ಟರಲ್ಲಿ ಬುಕಾನನನ ಹೆಸರೇ ಬದಲಾಗಿತ್ತು: ತಾಯಿಯ ಕಡೆಯ ಆಸ್ತಿ ಕೈಸೇರಿದಾಗ ಆತನು ಹ್ಯಾಮಿಲ್ಟನ್ ಎಂಬ ಅವಳ ಮನೆತನದ ಹೆಸರನ್ನೂ ಧರಿಸಿದನು, ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಅವನು ಇಂದಿಗೂ ಬುಕಾನನ್-ಹ್ಯಾಮಿಲ್ಟನ್ನನೇ.

ಮುಂದೆ ಬಂದವರು ಸುಮ್ಮನಿರಲಿಲ್ಲ. ದಕ್ಷಿಣಭಾರತದ ಸಸ್ಯಗಳನ್ನು ಅಪಾರ ಶ್ರದ್ಧೆಯಿಂದ ಚಿತ್ರಿಸಿ ವರ್ಣಿಸಿದ ರಾಬರ್ಟ್ ವೈಟ್ ಎಂಬಾತನು, ಸುರಗಿಯ ಮೊಗ್ಗಿನ ಮುಚ್ಚಿದ ಕೋಶ ಹೊನ್ನೆಯದರಂತಿಲ್ಲವೆಂಬುದನ್ನು ಗಮನಿಸಿ, ಅದಕ್ಕೆಂದೇ ಬೇರೆಯ ಕುಲವನ್ನು ಕಲ್ಪಿಸಿ, ‘ಉದ್ದೆಲೆಯದು’ ಎಂಬ ಅರ್ಥದ ಲಾಂಜಿಫೋಲಿಯಮ್ ಎಂಬ ಹೆಸರನ್ನಿಟ್ಟನು. ಕುಲ ಆಮೇಲೆ ಮತ್ತೊಮ್ಮೆ ಬದಲಾಗಿ, ಓಕ್ರೊಕಾರ್ಪಸ್ ಲಾಂಜಿಫೋಲಿಯಸ್ ಎಂಬ ಹೆಸರು ಬಹುಕಾಲ ರೂಢಿಯಲ್ಲಿ ನಿಂತಿತು. ನಮ್ಮ ಹಳೆಯ ಅರಣ್ಯಗ್ರಂಥಗಳಲ್ಲಿಯೂ ವೈದ್ಯಗ್ರಂಥಗಳಲ್ಲಿಯೂ ಸಿಕ್ಕುವುದು ಈ ಹೆಸರೇ. ಶಾಸ್ತ್ರದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಇರಲಿಕ್ಕಿಲ್ಲ. ಆದರೆ ಇಂತಹ ಹೂವನ್ನು ಬಿಡುವ ಮರದ ಎದುರು ನಿಂತು, ಅದರ ಎಲೆಯ ಉದ್ದವನ್ನು ಹೆಸರಾಗಿ ಆರಿಸಿಕೊಂಡದ್ದನ್ನು ನೆನೆದರೆ ನನಗೆ ಬೇಸರವಾಗುತ್ತದೆ.

ಅದೃಷ್ಟವಶಾತ್ ಸಸ್ಯಶಾಸ್ತ್ರಜ್ಞರಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ: ಒಂದೇ ಸಸ್ಯಕ್ಕೆ ಅನೇಕರು ಅನೇಕ ಹೆಸರುಗಳನ್ನು ಇಟ್ಟಿದ್ದರೆ, ಕ್ರಮಬದ್ಧವಾಗಿ ಮೊದಲು ಪ್ರಕಟವಾದ ಹೆಸರಿಗೇ ಮನ್ನಣೆ, ಕುಲ ಬದಲಾದರೂ ಜಾತಿಸೂಚಕವಾದ ಎರಡನೆಯ ಪದವನ್ನು ಸಾಧ್ಯವಾದಮಟ್ಟಿಗೆ ಉಳಿಸತಕ್ಕದ್ದು. ಕಳೆದ ಶತಮಾನದಲ್ಲಿ, ಜಾವಾ ದ್ವೀಪದಲ್ಲಿ ಹುಟ್ಟಿ ಅಲ್ಲಿನ ಬೋಗೋರಿನಲ್ಲಿ ಬಾಳನ್ನು ಕಳೆದ ಕೋಸ್ಟರ್ಮನ್ಸ್ ಎಂಬ ವಿದ್ವಾಂಸರು ಈ ಗುಂಪಿನ ಮರಗಳನ್ನೆಲ್ಲ ಮರುಪರಿಶೀಲಿಸಿ, ನಮ್ಮ ಮರವು ಮಾಮಿಯಾ ಎಂಬ ಕುಲಕ್ಕೆ ಸೇರಿದ್ದೆಂದು ನಿರ್ಣಯಿಸಿದರು. ನಿಯಮದಂತೆ 1832ರ ಹೆಸರು ಹಿಂದಿರುಗಿ ಬಂದು, ಮರವು ಮಾಮಿಯಾ ಸುರಿಗಾ ಆಯಿತು. ಲಿನೇಯಸ್ ಪಂಡಿತನು 1753ರಲ್ಲಿ ಮಾಮಿಯಾ ಎಂಬ ಕುಲನಾಮವನ್ನು ಸ್ಥಾಪಿಸಿದ್ದು ವೆಸ್ಟ್ ಇಂಡೀಸಿನ ಒಂದು ಹಣ್ಣಿನ ಮರದಿಂದ; ಅದನ್ನು ಅಲ್ಲಿನ ಮೂಲನಿವಾಸಿಗಳಾದ ಟೈನೋ ಜನರು ಮಾಮೆಯ್ ಎಂದು ಕರೆಯುತ್ತಿದ್ದರು. ಹಾಗಾದರೆ ನೋಡಿ: ನಮ್ಮ ಹಿತ್ತಿಲಿನ ಮರದ ಶಾಸ್ತ್ರೀಯ ನಾಮಧೇಯದಲ್ಲಿ ಮೊದಲನೆಯ ಪದವು ಸಾಗರಗಳ ಆಚೆಯ ದ್ವೀಪವಾಸಿಗಳ ಬಾಯಿಂದ ಬಂದದ್ದು, ಎರಡನೆಯದು ನಮ್ಮ ಪಶ್ಚಿಮಘಟ್ಟದ ಹಳ್ಳಿಯವರ ಬಾಯಿಂದ. ಗ್ರೀಕು ಲ್ಯಾಟಿನ್ನುಗಳ ದೊಡ್ಡ ಸಭೆಯಲ್ಲಿ, ಅಕ್ಷರದ ಗರ್ವವಿಲ್ಲದ ಎರಡು ನಾಡುಗಳ ಜನ ತಾವು ಮೆಚ್ಚಿದ ಮರಗಳಿಗೆ ಇಟ್ಟ ಹೆಸರುಗಳು ಕೈಹಿಡಿದು ನಿಂತಿವೆ.

ಪೇಟೆಯ ಕಥೆ ಇಷ್ಟು ಸಂತೋಷದ್ದಲ್ಲ. ಒಣಗಿದ ಸುರಗಿಯ ಮೊಗ್ಗಿಗೆ ವ್ಯಾಪಾರದಲ್ಲಿ ಬಹುಕಾಲದಿಂದ ಬೇಡಿಕೆಯಿದೆ. ರೇಷ್ಮೆಗೆ ಕೆಂಪು ಬಣ್ಣ ಕಟ್ಟಲು ಅದನ್ನು ಬಳಸುತ್ತಿದ್ದರು. ಸುಗಂಧದ್ರವ್ಯಕ್ಕೂ ಔಷಧಕ್ಕೂ ಅದು ಬೇಕು. ಆಯುರ್ವೇದದಲ್ಲಿ ಚಾತುರ್ಜಾತವೆಂಬ ನಾಲ್ಕು ಸುಗಂಧದ್ರವ್ಯಗಳ ಗುಂಪಿದೆ: ದಾಲ್ಚಿನ್ನಿ, ಏಲಕ್ಕಿ, ಪತ್ರೆ, ನಾಗಕೇಸರ. ನಿಜವಾದ ನಾಗಕೇಸರವೆಂದರೆ ನಾಗಸಂಪಿಗೆಯ ಹೂವಿನ ಕೇಸರ. ಅದು ಸಾಕಷ್ಟು ಸಿಕ್ಕದೆಡೆಯಲ್ಲಿ ಸುರಗಿಯ ಮೊಗ್ಗು ಅದರ ಸ್ಥಾನದಲ್ಲಿ ಕುಳಿತು, ಕೆಂಪು ನಾಗಕೇಸರವೆಂಬ ಹೆಸರಿನಲ್ಲಿ ಊರೂರಿನ ಗಂಧಿಗೆಯ ಅಂಗಡಿಗಳಿಗೆ ಹೋಗುತ್ತದೆ. ನಮ್ಮ ಕಾಡಿನಿಂದ ಚೀಲ ತುಂಬಿ ಹೊರಟ ಸುರಗಿ, ಘಟ್ಟ ದಾಟಿ ಪೇಟೆ ಸೇರುವ ಹೊತ್ತಿಗೆ ತನ್ನ ಹೆಸರನ್ನು ಕಳೆದುಕೊಂಡಿರುತ್ತದೆ. ಹೆಸರು ಕಳೆದುಕೊಂಡ ವಸ್ತುವಿಗೆ ಕೇಳುವವರಿಲ್ಲ. ಅದು ಯಾವ ಮರದ್ದು, ಆ ಮರ ಎಲ್ಲಿಯದು, ಅದನ್ನು ಹೇಗೆ ಕೊಯ್ದರು ಎಂಬ ಯಾವ ವಿಚಾರಣೆಯೂ ಇಲ್ಲದೆ ತೂಕಕ್ಕೆ ಮಾರಾಟವಾಗುತ್ತದೆ. ಕೊಯ್ಯುವವನಾದರೂ ಏನು ಮಾಡಿಯಾನು? ಹೂವಿನ ಕಾಲ ಕೆಲವೇ ವಾರ, ಮರ ಎತ್ತರ, ಹೂವು ರೆಂಬೆಗೆ ಅಂಟಿಕೊಂಡದ್ದು. ಒಂದೊಂದಾಗಿ ಬಿಡಿಸುವ ತಾಳ್ಮೆಗೆ ಕೂಲಿ ಕೊಡುವವರಿಲ್ಲದಿದ್ದಾಗ ಕೊಂಬೆಯನ್ನೇ ಕಡಿದು ನೆಲಕ್ಕೆ ಕೆಡವಿ ಹೂವು ಬಿಡಿಸುವ ಪದ್ಧತಿ ಬೆಳೆಯುತ್ತದೆ. ಹೂವು ಬಿಡುವುದು ಹಳೆಯ ರೆಂಬೆಯಲ್ಲಿ ಎಂಬುದನ್ನು ಮೇಲೆ ಹೇಳಿದೆನಷ್ಟೆ. ಅಂತಹ ಒಂದು ಕೊಂಬೆ ಬಿದ್ದರೆ ಅದರ ಜಾಗಕ್ಕೆ ಬರುವ ಚಿಗುರು ಹೂವಿಗೆ ಸಿದ್ಧವಾಗಲು ವರ್ಷಗಳು ಬೇಕು. ಹಾಗೆ ಬೋಳಾಗಿ ನಿಂತ ಮರಗಳನ್ನು ನಾನು ಕಂಡಿದ್ದೇನೆ. ಆ ವಸಂತದಲ್ಲಿ ಅವುಗಳ ಬಳಿ ಜೇನಿನ ಸದ್ದು ಇರಲಿಲ್ಲ.

ಹೆಸರುಗಳ ಏಳುಬೀಳು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ನಮ್ಮ ಈ ಮೂರು ತಾಲ್ಲೂಕುಗಳಿಗೆ ಹೊಸದಲ್ಲ. ತುಂಗೆಯ ದಡದ ಶೃಂಗೇರಿಯು ತನ್ನ ಹೆಸರನ್ನು ಋಷ್ಯಶೃಂಗನಿಂದ ಪಡೆದುದೆಂದು ಪರಂಪರೆ ಹೇಳುತ್ತದೆ. ಸಮೀಪದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ಗುಡಿ ಇದೆ. ಹೆಸರಿನ ಪೂರ್ವಾರ್ಧ ಸವೆದುಹೋದರೂ ಕಥೆ ಉಳಿದುಕೊಂಡಿತು. ನರಸಿಂಹರಾಜಪುರಕ್ಕೆ ಹಿಂದೆ ಎಡೇಹಳ್ಳಿ ಎಂಬ ಹೆಸರಿದ್ದಿತು. ಮೈಸೂರಿನ ಯುವರಾಜರಾಗಿದ್ದ ಕಂಠೀರವ ನರಸಿಂಹರಾಜ ಒಡೆಯರ ಗೌರವಾರ್ಥವಾಗಿ ಈಗಿನ ಹೆಸರು ಬಂದಿತು. ಈಗ ಬಸ್ಸಿನ ಹಣೆಯ ಮೇಲೆ ಅದೂ ಕುಗ್ಗಿ ಎನ್.ಆರ್. ಪುರವಾಗಿದೆ. ಊರಿನ ಹೆಸರು ಬದಲಾದರೆ ದಾಖಲೆಯಲ್ಲಿ ಅದರ ಗುರುತು ಇರುತ್ತದೆ, ವಿಚಾರಿಸುವವರಿಗೆ ಸಿಕ್ಕುತ್ತದೆ. ಮರದ ಹೆಸರಿಗೆ ಅಂತಹ ದಫ್ತರವಿಲ್ಲ. ಅದು ಅಜ್ಜಿಯ ಬಾಯಿಂದ ಮೊಮ್ಮಗುವಿನ ಕಿವಿಗೆ ಹೋಗತಕ್ಕದ್ದು. ನಡುವೆ ಒಂದು ತಲೆಮಾರು ಪೇಟೆಗೆ ಹೊರಟುಹೋದರೆ ಅಲ್ಲಿಗೆ ಕಡಿಯಿತು.

ಅದು ಕಡಿಯುತ್ತಿರುವ ಲಕ್ಷಣಗಳು ಕಾಣುತ್ತಿವೆ ಎಂದು ನೋವಿನಿಂದ ಹೇಳುತ್ತೇನೆ. ಬಾಳೆಹೊನ್ನೂರಿನ ಕಡೆಯಿಂದ ನರಸಿಂಹರಾಜಪುರದವರೆಗೆ ಭದ್ರೆಯ ಪಕ್ಕದ ಇಳುಕಲುಗಳಲ್ಲಿ, ಎಷ್ಟೋ ಕಡೆ ಹಿಂದಿನ ಮಿಶ್ರವೃಕ್ಷಗಳ ಜಾಗವನ್ನು ರಬ್ಬರು ಸಾಲುಸಾಲಾಗಿ ಹಿಡಿದಿದೆ. ಅಡಕೆಯ ತೋಟ ಬೆಟ್ಟದ ಬುಡವನ್ನು ಏರಿ ಬಂದಿದೆ. ಬದುಕು ನಡೆಯಬೇಕಾದ ರೈತನನ್ನು ನಾನು ದೂರುವುದಿಲ್ಲ. ಆದರೆ ಹಿತ್ತಿಲಿನ ಮೂಲೆಯಲ್ಲಿ, ಯಾರಿಗೂ ಅಡ್ಡವಾಗದೆ ನಿಂತ ಒಂದು ಮರವನ್ನು, ಇದರಿಂದ ಏನು ಪ್ರಯೋಜನ ಎಂದು ಕಡಿಯುವುದನ್ನು ಕಂಡಾಗ ಸಂಕಟವಾಗುತ್ತದೆ. ಕಳೆದ ವಸಂತದಲ್ಲಿ ಕೊಪ್ಪದ ಸಂತೆಯಲ್ಲಿ ಮುದುಕಿಯೊಬ್ಬರು ಬುಟ್ಟಿಯ ಮೂಲೆಯಲ್ಲಿ ಇಟ್ಟುಕೊಂಡಿದ್ದ ನಾಲ್ಕಾರು ಸುರಗಿಯ ಮಾಲೆಗಳನ್ನು ನೋಡಿ, ಜತೆಯಲ್ಲಿದ್ದ ಹೈಸ್ಕೂಲಿನ ಹುಡುಗಿಯೊಬ್ಬಳು, “ಅಜ್ಜಿ, ಇದೆಂಥ ಹೂ?” ಎಂದು ಕೇಳಿದಳು. ಆಕೆ ಉತ್ತರವಾಗಿ ಒಂದು ಮಾಲೆಯನ್ನೆತ್ತಿ ಹುಡುಗಿಯ ಜಡೆಗೆ ಸಿಕ್ಕಿಸಿ, “ಸುರಗಿ ಮಗಾ. ಮುಡ್ಕೊ. ನಾಳೆಗೂ ಇರ್ತದೆ, ಬರೂ ವರ್ಷಕ್ಕೂ ಇರ್ತದೆ” ಎಂದರು. ಹಣವನ್ನು ತೆಗೆದುಕೊಳ್ಳಲಿಲ್ಲ. ಅವರು ಮಾಡಿದುದೇ ಸರಿಯಾದ ಕೆಲಸವೆಂದು ನಾನು ತಿಳಿದಿದ್ದೇನೆ.

ಓದುಗರಲ್ಲಿ ನನ್ನ ಬಿನ್ನಹವಿಷ್ಟೆ. ನಿಮ್ಮ ಮನೆಯ ಸುತ್ತಿನಲ್ಲಿ ಸುರಗಿಯ ಮರವಿದ್ದರೆ ಅದರ ಕೊಂಬೆಗೆ ಕತ್ತಿ ತಗುಲದಂತೆ ನೋಡಿಕೊಳ್ಳಿ. ಹೂವು ಮಾರುವುದಾದರೆ ಬಿಡಿಸಿ ಮಾರಿ, ಸುರಗಿ ಎಂದೇ ಹೇಳಿ ಮಾರಿ. ಹಿತ್ತಿಲಿನಲ್ಲಿ ಜಾಗವಿದ್ದವರು, ಈ ಸಲ ಮುಂಗಾರಿನ ಮೊದಲ ಮಳೆಗಳು ಬೀಳುವಾಗ, ಮರದಡಿಯಲ್ಲಿ ಉದುರಿದ ಹಣ್ಣಿನ ಬೀಜವನ್ನು ಒಣಗಿಸಿಡದೆ ಹಸಿಯಾಗಿಯೇ ಊರಿ. ಒಂದೇ ಊರಬೇಡಿ, ನಾಲ್ಕೈದು ಊರಿ. ಅವುಗಳಲ್ಲಿ ಕೆಲವು ಗಂಡುಮರಗಳಾಗುವುವು, ಅವೂ ಬೇಕು. ನಿಧಾನವಾಗಿ ಬೆಳೆಯುವ ಮರವಾದ್ದರಿಂದ ನೆಟ್ಟವರೇ ಹೂ ಮುಡಿಯುವೆವೆಂಬ ಅವಸರ ಬೇಡ. ಸಸಿಗೆ ನೀರೆರೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಿ, ಅದರ ಹೆಸರನ್ನು ಅವರ ಬಾಯಿಂದ ಒಮ್ಮೆ ಹೇಳಿಸಿ.